ಸಹಾಯ ಬೇಕು: ರೇಟ್ ಎಷ್ಟಿಡೋದು ಅಂತಾನೇ ತಿಳೀತಿಲ್ಲ

ಎಲ್ರಿಗೂ ನಮಸ್ಕಾರ, ನಾನು ಮನೇಲೇ ಬಟ್ಟೆ ಬ್ಯಾಗ್ ಹೊಲಿದು ಮಾರ್ತೀನಿ. ಜನ ಕೈಗೆ ತಗೊಂಡು ಹೊಲಿಗೆ ಎಲ್ಲ ಸವರಿ ನೋಡ್ತಾರೆ, ಆಮೇಲೆ ಚೀಟಿ ತಿರುಗಿಸಿ ರೇಟ್ ನೋಡಿ ಮೆಲ್ಲಗೆ ವಾಪಸ್ ಇಡ್ತಾರೆ. ಕಮ್ಮಿ ಮಾಡಿದ್ರೆ ಕ್ವಾಲಿಟಿ ಇಲ್ವೇನೋ ಅಂತ ಡೌಟು ಬೇರೆ. 99ಕ್ಕೆ ಮುಗಿಯೋ ರೇಟು ಕಮ್ಮಿ ಅನ್ಸೋದು ನಾವು ಎಡಗಡೆ ಅಂಕಿನೇ ಮೊದ್ಲು ಓದೋದ್ರಿಂದ, ದುಬಾರಿದು ಮೊದ್ಲು ತೋರಿಸಿದ್ರೆ ಆಮೇಲಿಂದು ಅಗ್ಗ ಕಾಣುತ್ತೆ, ಇಷ್ಟು ಗೊತ್ತು. ಲಾಭದ ಖುಷಿಗಿಂತ ಅಷ್ಟೇ ನಷ್ಟದ ನೋವು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್, ಟ್ವರ್ಸ್ಕಿ 1979ರಲ್ಲೇ ಬರೆದಿದ್ರು, ಅದಕ್ಕೇ ರೇಟ್ ಏರಿಸೋಕೆ ಭಯ, ಹಳೇ ಗಿರಾಕಿಗಳು ಬೇಜಾರಾದ್ರೆ? ಸುಳ್ಳು ರೇಟ್ ಬರೆದು ಅದನ್ನ ಹೊಡೆದುಹಾಕಿ ಡಿಸ್ಕೌಂಟ್ ಅನ್ನೋದು ನಂಗೆ ಬೇಡ್ವೇ ಬೇಡ. ಮೂರು ಸೈಜ್ ಇಟ್ಟು ನಡುವಿಂದು ಚೆನ್ನಾಗಿ ಮಾರಿದೋರು ಯಾರಾದ್ರೂ ಇದ್ರೆ, ರೇಟಲ್ಲಿ ಎಷ್ಟು ಗ್ಯಾಪ್ ಇಟ್ರಿ, ಹಳಬರಿಗೆ ಹೇಗೆ ಹೇಳಿದ್ರಿ, ದಯವಿಟ್ಟು ತಿಳಿಸಿ.