ಗಂಡಿಗೆ ಮೂರು ದಿನಕ್ಕೊಮ್ಮೆ ಊಟ

ಪುಟ್ಟ: [ಫೋಟೋ] ಅಕ್ಕ ಸಾಕುವ ಸೂರ್ಯನ ಕುದುರೆಗಳು, ಕೈಮುಗಿದ ಹಾಗೆ ಕೂತು ಬೇಟೆ ಹಿಡಿಯುವ ಹುಳ. ಎಡದ ಡಬ್ಬಿಯದ್ದಕ್ಕೆ ದಿನಾ ಊಟ, ಬಲದ್ದಕ್ಕೆ ಮೂರು ದಿನಕ್ಕೊಮ್ಮೆ. ಒಂದೇ ಮೊಟ್ಟೆಗೂಡಿನ ಮರಿಗಳು!

ಪೆರ್ಲದ ಅತ್ತೆ: ಇದೆಂತ ಮಾರಾಯ್ತಿ? ಸಾಕುದಾದ್ರೆ ಎರಡಕ್ಕೂ ಸಮ ಹಾಕ್ಬೇಕು. ಬಾಯಿಲ್ಲದ ಜೀವ, ಹಸಿವು ಅಂತ ಹೇಳ್ತದಾ ಅದು?

ನಾನು: ಉಪವಾಸ ಹಾಕಿದ್ದಲ್ಲ ಅತ್ತೆ. ಬಲದ್ದು ಗಂಡು. ಹೊಟ್ಟೆಯಡಿ ಎಣಿಸಿ ನೋಡಿ, ಹೆಣ್ಣಿಗೆ ಆರು ಪಟ್ಟಿ, ಗಂಡಿಗೆ ಎಂಟು. ಗಂಡು ಸಾಮಾನ್ಯ ಒಂದೆರಡು ಪೊರೆ ಕಡಿಮೆ ಕಳಚಿ ಬೇಗ ರೆಕ್ಕೆ ಬಿಡ್ತದೆ, ಬೇಗ ಸಾಯ್ತದೆ. ಸಮ ಹಾಕಿದ್ರೆ ಹೆಣ್ಣು ದೊಡ್ಡದಾಗುವಾಗ ಗಂಡು ಇರುದೇ ಇಲ್ಲ. ಹೋದ ವರ್ಷ ಹಾಗೇ ಆದದ್ದು. ಹೆಣ್ಣು ಒಂಟಿಯಾಗಿ ಗೂಡು ಕಟ್ಟಿತು, ತಿಂಗಳುಗಟ್ಟಲೆ ಕಾದೆ, ಒಂದು ಮರಿ ಹೊರಗೆ ಬರ್ಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ ನಂಗೆ.

ಬೆಂಗಳೂರು ಭಾವ: ಹಾಗಾದ್ರೆ ಹೆಣ್ಣನ್ನೇ ಬೇಗ ಬೆಳೆಸು. ಬಲ್ಬ್ ಹಾಕು, ಹೊಟ್ಟೆ ತುಂಬ ತಿನ್ನಿಸು.

ನಾನು: ಬೆಚ್ಚಗಿದ್ರೆ ಬೇಗ ಬೆಳೀತದೆ, ನಿಜ ಭಾವ. ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ. ಅದಕ್ಕೇ ಹೆಣ್ಣಿನ ಡಬ್ಬಿ ಅಡಿಗೆಮನೆಯಲ್ಲಿ, 28-29 ಡಿಗ್ರಿ. ಗಂಡಿನದ್ದು ಬಾವಿ ಕಡೆಯ ಕೋಣೆಯಲ್ಲಿ, 24ರ ಹತ್ತಿರ. ಬಲ್ಬಿನಡಿ ಇಟ್ರೆ ಗಾಳಿ ಒಣಗಿ ಪೊರೆ ಅರ್ಧಕ್ಕೆ ಸಿಕ್ಕಿಕೊಳ್ತದೆ. ಕಾಲು ಸೊಟ್ಟ ಆದ ಮೇಲೆ ಬೇಟೆ ಹಿಡಿಯುದು ಹೇಗೆ? ಅತಿ ತಿನ್ನಿಸಿದ್ರೂ ಕಷ್ಟವೇ. ಬಿಗಿದ ಹೊಟ್ಟೆ ಮೇಲಿಂದ ಬಿದ್ರೆ ಒಡೆದು ಹೋಗ್ತದೆ.

ಕುಂಬಳೆ ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ತೋಟಕ್ಕೆ ಬಿಡು. 2000ದವರೆಗೆ ಗೇರುತೋಟಗಳಿಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಜಿಲ್ಲೆ ನಮ್ಮ ಕಾಸರಗೋಡು. ಹುಳಹುಪ್ಪಟೆಯ ಸದ್ದೇ ಇಲ್ಲದ ಗುಡ್ಡೆ ನೋಡಿದವ ನಾನು. ಈಗ ಬಂದದ್ದನ್ನು ಡಬ್ಬಿಯಲ್ಲಿ ಇಡುದಾ?

ನಾನು: ಚಿಕ್ಕಪ್ಪ, ಬಿಟ್ಟಾಗಿದೆ. ದಾಸವಾಳದ ಗೆಲ್ಲು ಕಡಿದಾಗ ಸಿಕ್ಕಿದ ಗೂಡು ಅದು. ಒಡೆದ ವಾರದಲ್ಲೇ ಹೆಚ್ಚಿನ ಮರಿಗಳನ್ನು ಅದೇ ಬೇಲಿಗೆ ಬಿಟ್ಟೆ, ಒಟ್ಟಿಗೆ ಇಟ್ರೆ ಒಂದನ್ನೊಂದು ತಿಂದು ಮುಗಿಸ್ತಿದ್ವು. ಇಟ್ಟುಕೊಂಡದ್ದು ಆರು ಮಾತ್ರ. ಇವು ಕೂಡಿ ಗೂಡು ಕಟ್ಟಿದ್ರೆ ಅದನ್ನು ನಿಮ್ಮ ತೋಟಕ್ಕೇ ತರ್ತೇನೆ. ಮೈಲುತುತ್ತು, ಬೇರೆ ಮದ್ದು ಬಿಡುವ ದಿನ ಮೊದಲೇ ಹೇಳಿ.

ಕುಂಬಳೆ ಚಿಕ್ಕಪ್ಪ: ಹೇಳ್ತೇನೆ. ಡಬ್ಬಿ ನಂಗೆ ಈಗಲೂ ಸರಿ ಕಾಣುದಿಲ್ಲ.

ಪೆರ್ಲದ ಅತ್ತೆ: ಗಂಡು ನಿನ್ನೆಯಿಂದ ತಲೆಕೆಳಗೆ ನೇತಾಡ್ತಾ ಉಂಟಂತೆ, ಪುಟ್ಟ ಹೇಳಿದ. ಹಾಕಿದ ಮಿಡತೆ ಹಾಗೇ ಉಂಟಂತೆ. ತಿನ್ಲಿಕ್ಕೂ ತ್ರಾಣ ಇಲ್ಲ ಅದಕ್ಕೆ!

ನಾನು: ಅಯ್ಯೋ, ಮಿಡತೆ ಒಳಗೇ ಉಂಟಾ? ಪುಟ್ಟ, ಅದನ್ನು ಮೆಲ್ಲ ತೆಗಿ, ಡಬ್ಬಿ ಅಲುಗಿಸ್ಬೇಡ. ಅದು ಪೊರೆ ಬಿಡ್ಲಿಕ್ಕೆ ಹೊರಟದ್ದು ಅತ್ತೆ. ಅದಕ್ಕೆ ಮೊದಲು ತಾನಾಗಿಯೇ ಊಟ ಬಿಡ್ತದೆ. ಹೊಸ ಮೈ ಬೆಣ್ಣೆಯ ಹಾಗೆ ಮೆತ್ತಗಿರ್ತದೆ, ಆಗ ಜೀವಂತ ಹುಳ ಪಕ್ಕದಲ್ಲಿದ್ರೆ ಅದೇ ಇದನ್ನು ಕಚ್ಚಿಬಿಡ್ತದೆ. ಕೆಳಗೆ ಜಾಗವೂ ಬೇಕು, ಮೈಯ ಮೂರು ಪಟ್ಟು ಎತ್ತರ.

ಪುಟ್ಟ: ತೆಗೆದೆ. ಬೆನ್ನು ಬಿರಿದಿದೆ ಅಕ್ಕ, ತಲೆ ಹೊರಗೆ ಬಂತು!

ನಾನು: ಯಾರೂ ಮುಟ್ಬೇಡಿ. ನಾನು ಬಸ್ಸಿಂದ ಇಳಿದೆ, ಬಂದೆ.

ಪೆರ್ಲದ ಅತ್ತೆ: ನಮ್ಮ ಹಳೆ ಮನೆಯ ಮಣ್ಣಿನ ಗೋಡೆಯ ಕೋಣೆ ನಿಮ್ಮಲ್ಲಿಗಿಂತ ತಂಪು. ಉಳಿದ ಗಂಡುಮರಿಗಳನ್ನು ಆದಿತ್ಯವಾರ ತಂದಿಡು. ಆದ್ರೆ ಹೊಟ್ಟೆ ಚಪ್ಪಟೆ ಕಂಡ್ರೆ ನಿನ್ನ ಮೂರು ದಿನದ ಲೆಕ್ಕಕ್ಕೆ ಕಾಯುದಿಲ್ಲ, ನಾನು ಹಾಕುವವಳೇ.