ರಿಚ್, ಲೀನ್, ಮ್ಯಾಪ್: ಇಂಜಿನ್ ಟ್ಯೂನಿಂಗ್ ಪದಗಳಿಗೆ ಕನ್ನಡದಲ್ಲಿ ನೀವು ಏನಂತೀರ?

ಎಲ್ರಿಗೂ ನಮಸ್ಕಾರ. ಹಳೇ ಕಂಪ್ಯೂಟರ್ ಇರೋ ಇಂಜೆಕ್ಷನ್ ಇಂಜಿನ್‌ಗಳ, ಅಂದ್ರೆ 80ರ ದಶಕದಿಂದ 90ರ ದಶಕದ ಮಧ್ಯದವರೆಗೆ ಬಂದವುಗಳ ಫ್ಯುಯಲ್ ಟೇಬಲ್ (ಇಂಜಿನ್ ಯಾವ ಸುತ್ತು, ಯಾವ ಒತ್ತಡದಲ್ಲಿದ್ರೆ ಎಷ್ಟು ಪೆಟ್ರೋಲ್ ಅನ್ನೋ ಅಂಕಿಗಳ ಪಟ್ಟಿ) ತಿದ್ದೋದು ಹೇಗೆ ಅಂತ ಕನ್ನಡದಲ್ಲಿ ಬರೀತಾ ಇದೀನಿ. ಕೆಲವು ಪದಗಳ ಹತ್ರ ಬಂದು ನಿಂತುಬಿಟ್ಟಿದೀನಿ, ನಿಮ್ಮ ಸಹಾಯ ಬೇಕು.

ಮೊದಲು ನಡೆದಿದ್ದು ಹೇಳ್ತೀನಿ. ಗೆಳೆಯರೊಬ್ರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೆ, "1600 ಸುತ್ತು, 50 ಕಿಲೋಪಾಸ್ಕಲ್ ಮನೇಲಿ ಟ್ರಿಮ್ 138 ಬಂದಿದೆ, ಜಾಸ್ತಿ ಇದೆ, ಸರಿ ಮಾಡಿ" ಅಂತ. ಇಲ್ಲಿ ಸುತ್ತು ಅಂದ್ರೆ ಇಂಜಿನ್ ನಿಮಿಷಕ್ಕೆ ತಿರುಗೋದು, ಮನೆ ಅಂದ್ರೆ ಟೇಬಲ್‌ನ ಒಂದು ಸೆಲ್, ಟ್ರಿಮ್ ಅಂದ್ರೆ ಟೇಬಲ್ ಹೇಳಿದ್ದಕ್ಕೆ ಕಂಪ್ಯೂಟರ್ ತಾನೇ ಎಷ್ಟು ಪೆಟ್ರೋಲ್ ಸೇರಿಸ್ತಿದೆ ಇಲ್ಲಾ ಕಳೀತಿದೆ ಅನ್ನೋ ಅಂಕಿ. ನಾನು ಜಾಸ್ತಿ ಅಂದಿದ್ದು ಟ್ರಿಮ್ಮು, ಅವ್ರು ಅರ್ಥ ಮಾಡ್ಕೊಂಡಿದ್ದು ಪೆಟ್ರೋಲ್ ಜಾಸ್ತಿ ಅಂತ. ಆ ಕಾಲದ ಜನರಲ್ ಮೋಟಾರ್ಸ್ ಕಂಪ್ಯೂಟರ್‌ಗಳಲ್ಲಿ ಟ್ರಿಮ್ 128 ಇದ್ರೆ ಟೇಬಲ್ ಹೇಳಿದಷ್ಟೇ ಪೆಟ್ರೋಲ್ ಹೋಗ್ತಿದೆ ಅಂತ ಅರ್ಥ, ಅದಕ್ಕಿಂತ ಮೇಲೆ ಹೋದ್ರೆ ಟೇಬಲ್‌ನಲ್ಲಿರೋದು ಸಾಲದೆ ಕಂಪ್ಯೂಟರ್ ತಾನೇ ಸೇರಿಸ್ತಿದೆ, ಕೆಳಗೆ ಬಂದ್ರೆ ಕಳೀತಿದೆ. 138 ಅಂದ್ರೆ ಸುಮಾರು ಶೇ. 8ರಷ್ಟು ಸೇರಿಸ್ತಿದೆ. ಅಂದ್ರೆ ಆ ಮನೇಲಿದ್ದ 52 ಅನ್ನೋ ಅಂಕೀನ 56 ಮಾಡ್ಬೇಕಿತ್ತು, ಅವ್ರು "ಜಾಸ್ತಿ" ಅಂದಿದ್ದಕ್ಕೆ 48ಕ್ಕೆ ಇಳಿಸಿದ್ರು, ಮತ್ತೆ ಗಾಡಿ ಓಡಿಸಿ ನೋಡಿದ್ರೆ ಟ್ರಿಮ್ 150ರ ಹತ್ರ. ಲೆಕ್ಕ ಹಾಕಿದ್ರೆ ಅಷ್ಟೇ ಬರ್ಬೇಕು ಕೂಡ. ತಪ್ಪು ಅವ್ರದ್ದಲ್ಲ, ನಾನು ಬರೆದ ವಾಕ್ಯದಲ್ಲಿ ಏನು ಜಾಸ್ತಿ ಅನ್ನೋದೇ ಇರ್ಲಿಲ್ಲ.

ಹಾಗಾಗಿ ರಿಚ್ (ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು), ಲೀನ್ (ಗಾಳಿ ಹೆಚ್ಚು) ಅನ್ನೋ ಜೋಡಿನೇ ನನ್ನ ಮೊದಲ ಪ್ರಶ್ನೆ. ಯಂತ್ರಾನುವಾದಕ್ಕೆ ಬಿಟ್ರೆ ರಿಚ್ ಅನ್ನೋದು ಶ್ರೀಮಂತ ಆಗುತ್ತೆ, ಲೀನ್ ಅನ್ನೋದು ಒರಗು ಅಂತಾನೋ ತೆಳ್ಳಗೆ ಅಂತಾನೋ ಬರುತ್ತೆ, ಅದನ್ನ ಬಿಡಿ. ನಾನು ಮೊದಲು ದಟ್ಟ, ತೆಳು ಅಂತ ಬಳಸ್ದೆ, ಓದೋಕೂ ಚೆನ್ನಾಗಿತ್ತು, ಪೆಟ್ರೋಲ್ ಹೆಚ್ಚಾದಾಗ ಬರೋ ಕಪ್ಪು ಹೊಗೆಗೂ ಹೊಂದುತ್ತೆ. ಆದ್ರೆ ಗಾಳಿ ಬಗ್ಗೆ ಬರೆಯೋಕೆ ಶುರು ಮಾಡಿದ್ಮೇಲೆ ಎಡವಟ್ಟಾಯ್ತು. ತಣ್ಣಗಿನ ಗಾಳಿನೂ ದಟ್ಟನೇ ಅಲ್ವಾ, ಗಾಳಿ ದಟ್ಟ ಆಯ್ತು ಅಂದ್ರೆ ಸಿಲಿಂಡರ್ ಒಳಗೆ ಆಮ್ಲಜನಕ ಹೆಚ್ಚು ಹೋಯ್ತು, ಕಂಪ್ಯೂಟರ್ ಅದನ್ನ ಲೆಕ್ಕಕ್ಕೆ ತಗೊಳ್ದೇ ಇದ್ರೆ ಮಿಶ್ರಣ ತೆಳುವಾಗುತ್ತೆ. "ಗಾಳಿ ದಟ್ಟವಾದ್ರಿಂದ ಮಿಶ್ರಣ ತೆಳುವಾಯ್ತು" ಅನ್ನೋ ವಾಕ್ಯ ನಿಜವೇ, ಆದ್ರೆ ಹೊಸದಾಗಿ ಕಲಿಯೋರು ಇದನ್ನ ಓದಿ ಅಲ್ಲೇ ನಿಂತುಬಿಡ್ತಾರೆ.

ಈಗ ಅನ್ನಿಸ್ತಿರೋದು ಏನಂದ್ರೆ, ಯಾವುದೋ ಬೆರಕೆಯಲ್ಲಿ ಒಂದು ಚೂರು ಹೆಚ್ಚಾದ್ರೆ ನಾವು "ಮುಂದಾಗಿದೆ" ಅಂತೀವಲ್ಲ, ಅದನ್ನೇ ತಗೊಂಡು ರಿಚ್‌ಗೆ "ಪೆಟ್ರೋಲ್ ಮುಂದು", ಲೀನ್‌ಗೆ "ಗಾಳಿ ಮುಂದು" ಅಂದ್ರೆ ಹೇಗೆ? ಎರಡರಲ್ಲಿ ಯಾವುದು ಹೆಚ್ಚು ಅನ್ನೋದು ಪದದಲ್ಲೇ ಬಂದುಬಿಡುತ್ತೆ, ನನ್ನ ಚೀಟಿ ಥರ ತಪ್ಪು ಆಗಲ್ಲ. ಒಂದೇ ಅಳುಕು, ಇಗ್ನಿಷನ್ ಟೈಮಿಂಗ್ ವಿಷಯದಲ್ಲೂ ಕಿಡಿಯನ್ನ ಮುಂದಕ್ಕೆ ತರೋದು ಹಿಂದಕ್ಕೆ ತಳ್ಳೋದು ಅಂತ ಮಾತಾಡ್ತೀವಿ, ಎರಡೂ ಒಂದೇ ಪುಟದಲ್ಲಿ ಬಂದ್ರೆ ಗೋಜಲಾಗ್ಬೋದಾ? ಪೆಟ್ರೋಲ್, ಗಾಳಿ ಅನ್ನೋ ಪದ ಜೊತೆಗೇ ಇದ್ದಾಗ ಆಗಲ್ಲ ಅಂತ ನನ್ನ ನಂಬಿಕೆ.

ಎರಡನೇದು ಮ್ಯಾಪ್. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆದ್ರೆ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹೋಗೋ ಕೊಳವೆ) ಒಳಗಿನ ಒತ್ತಡ, ಸಣ್ಣಕ್ಷರದಲ್ಲಿ ಬರೆದ್ರೆ ಫ್ಯುಯಲ್ ಟೇಬಲ್. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಎರಡೂ "ಮ್ಯಾಪ್" ಆಗಿ ಕೂರುತ್ತೆ, "ಮ್ಯಾಪ್ ನೋಡಿ ಮ್ಯಾಪ್ ತಿದ್ದಿ" ಅಂತ ಬರೆದ್ರೆ ಯಾರಿಗೆ ಅರ್ಥ ಆಗುತ್ತೆ ಹೇಳಿ. ಹಾಗಾಗಿ ಟೇಬಲ್‌ಗೆ ಟೇಬಲ್ ಅಂತಾನೇ ಇಟ್ಟುಕೊಂಡು ಆ ಒತ್ತಡ ಅಳೆಯೋ ಸೆನ್ಸರ್‌ಗೆ "ಒತ್ತಡದ ಸೆನ್ಸರ್" ಅಂತಿದೀನಿ. ಟೇಬಲ್ ಒಳಗಿನ ಪದಗಳಿಗೆ ಮಾತ್ರ ಕನ್ನಡ ತುಂಬಾ ಒಗ್ಗುತ್ತೆ, ಅಡ್ಡಸಾಲು, ಕಂಬಸಾಲು ಅನ್ನೋವು ಗಣಿತದಿಂದ ಗೊತ್ತಿರೋವೇ, ಸೆಲ್‌ಗೆ ಚದುರಂಗದಲ್ಲಿ ಹೇಳೋ ಹಾಗೆ "ಮನೆ" ಅಂದ್ರೆ ಸಾಕು. "ಇಂಜಿನ್ ಈಗ ಯಾವ ಮನೇಲಿದೆ" ಅಂದ ತಕ್ಷಣ ಒಂದು ಕಡೆ ಸುತ್ತು, ಇನ್ನೊಂದು ಕಡೆ ಒತ್ತಡ, ಎರಡೂ ಸೇರೋ ಜಾಗ ಕಣ್ಮುಂದೆ ಬರುತ್ತೆ. ಇಂಜಿನ್ ಎರಡು ಮನೆ ನಡುವೆ ಇದ್ದಾಗ ಕಂಪ್ಯೂಟರ್ ಅಕ್ಕಪಕ್ಕದ ಮನೆಗಳ ಅಂಕಿಗಳ ನಡುವಿನದನ್ನ ಲೆಕ್ಕ ಹಾಕ್ಕೊಳ್ಳುತ್ತೆ, ಆದ್ರಿಂದ ಒಂದೇ ಮನೆ ತಿದ್ದಿ ನೆರೆಮನೆಗಳನ್ನ ಹಾಗೇ ಬಿಟ್ರೆ ಓಡಿಸೋವಾಗ ಜರ್ಕ್ ಹೊಡೆಯುತ್ತೆ. ಇದನ್ನ ವಿವರಿಸೋಕೆ "ನೆರೆಮನೆ" ಅನ್ನೋ ಪದ ಎಷ್ಟು ಸಲೀಸಾಗಿ ಬಂತು ನೋಡಿ. ಹಾಗೇ "ವ್ಯಾಕ್ಯೂಮ್ ಜಾಸ್ತಿ" ಅನ್ನೋದನ್ನ ಪೂರ್ತಿ ಬಿಟ್ಟುಬಿಟ್ಟೆ, ವ್ಯಾಕ್ಯೂಮ್ ಅಂದ್ರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಕಮ್ಮಿ ಅನ್ನೋದು, ಅದು ಜಾಸ್ತಿ ಆದಷ್ಟೂ ಟೇಬಲ್‌ನ ಕಿಲೋಪಾಸ್ಕಲ್ ಕಮ್ಮಿ, ಮತ್ತೆ ಅದೇ "ಏನು ಜಾಸ್ತಿ" ಅನ್ನೋ ರಗಳೆ.

ಮೂರನೇದು ಹದ. ಟ್ಯೂನ್ ಮಾಡೋದಕ್ಕೆ "ಹದ ಮಾಡೋದು" ಅನ್ನೋದಕ್ಕಿಂತ ಒಳ್ಳೇ ಪದ ನನಗೆ ಕಾಣ್ತಿಲ್ಲ. ಆದ್ರೆ ಕೆಲವ್ರು ಗಾಳಿ 14.7ಕ್ಕೆ ಪೆಟ್ರೋಲ್ 1 ಅನ್ನೋ ಅನುಪಾತಕ್ಕೂ ಹದ ಅಂತಾರೆ, ಅದನ್ನ ನಾನು ಒಪ್ಪಲ್ಲ. 14.7 ಅನ್ನೋದು ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯೋಕೆ ಬೇಕಾದ ಗಾಳಿಯ ತೂಕ, ಇಂಜಿನ್‌ಗೆ ಯಾವಾಗ್ಲೂ ಅದೇ ಬೇಕು ಅಂತಲ್ಲ. ಥ್ರಾಟಲ್ ಪೂರ್ತಿ ಕೊಟ್ಟಾಗ 12.5ರಿಂದ 13ರ ಹತ್ರ ಇದ್ರೇನೇ ಎಳೆತ ಚೆನ್ನಾಗಿ ಬರೋದು, ತಣ್ಣಗಿರೋ ಇಂಜಿನ್‌ಗೆ ಇನ್ನೂ ಪೆಟ್ರೋಲ್ ಮುಂದಿರ್ಬೇಕು. ಆಯಾ ಹೊತ್ತಿಗೆ ಇಂಜಿನ್ ಕೇಳೋದೇ ಹದ. 14.7ಕ್ಕೆ "ಸರಿತೂಕ" ಅಂತ ಬೇರೆ ಪದ ಇಟ್ಟೆ, ಅನುಪಾತ ಅಳೆಯೋದು ತೂಕದಲ್ಲಿ ಅನ್ನೋದೂ ನೆನಪಿರುತ್ತೆ. ಇದಕ್ಕಿಂತ ಒಳ್ಳೇದು ಯಾರಿಗಾದ್ರೂ ಗೊತ್ತಿದ್ರೆ ಖಂಡಿತ ಬದಲಾಯಿಸ್ತೀನಿ.

ಇನ್ನೊಂದು ವಿಷಯ ಪದದ್ದಲ್ಲ, ವ್ಯಾಕರಣದ್ದು, ನನಗೆ ತುಂಬಾ ಇಷ್ಟವಾಗಿದ್ದೂ ಇದೇ. ಹಳೇ ಆಕ್ಸಿಜನ್ ಸೆನ್ಸರ್ ಕೊಡೋದು ಬರೀ ವೋಲ್ಟೇಜು, 0.45 ವೋಲ್ಟ್‌ಗಿಂತ ಮೇಲಿದ್ರೆ ಪೆಟ್ರೋಲ್ ಮುಂದು, ಕೆಳಗಿದ್ರೆ ಗಾಳಿ ಮುಂದು, ಎಷ್ಟು ಮುಂದು ಅಂತ ಅದು ಸರಿಯಾಗಿ ಹೇಳಲ್ಲ. ಅದು ನೋಡೋದು ಹೊಗೆಯಲ್ಲಿ ಉಳಿದಿರೋ ಆಮ್ಲಜನಕ ಮಾತ್ರ. ಸ್ಪಾರ್ಕ್ ಪ್ಲಗ್ ಕೈಕೊಟ್ಟು ಒಂದು ಸಿಲಿಂಡರ್ ಉರೀದೇ ಇದ್ರೆ ಪೆಟ್ರೋಲ್ ಜೊತೆ ಆಮ್ಲಜನಕನೂ ಹಾಗೇ ಹೊರಗೆ ಬರುತ್ತೆ, ಸೆನ್ಸರ್ ಗಾಳಿ ಮುಂದು ಅನ್ನುತ್ತೆ, ಕಂಪ್ಯೂಟರ್ ಅದನ್ನ ನಂಬಿ ಇನ್ನೂ ಪೆಟ್ರೋಲ್ ಸುರಿಯುತ್ತೆ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್‌ನಲ್ಲಿ ಸಣ್ಣ ತೂತು ಇದ್ರೂ ಹೀಗೇ ಮೋಸ ಹೋಗುತ್ತೆ. ಇದನ್ನ ಇಂಗ್ಲಿಷ್‌ನಲ್ಲಿ ಪ್ರತಿ ಸಲ ಬಿಡಿಸಿ ಹೇಳ್ಬೇಕು, ಕನ್ನಡದಲ್ಲಿ "ಅಂತೆ" ಇದೆ. ಸೆನ್ಸರ್ ಹೇಳಿದ್ದಾದ್ರೆ "ಗಾಳಿ ಮುಂದಂತೆ", ಪ್ಲಗ್ಗು ಪೈಪು ಎಲ್ಲಾ ನೋಡಿ ನಾವೇ ಖಾತ್ರಿ ಮಾಡ್ಕೊಂಡಿದ್ದಾದ್ರೆ "ಗಾಳಿ ಮುಂದಿದೆ". ಬರಹದಲ್ಲಿ ಉದ್ದಕ್ಕೂ ಹೀಗೇ ಬಳಸ್ಬೇಕು ಅಂತಿದೀನಿ. ತಾಂತ್ರಿಕ ಬರಹದಲ್ಲಿ "ಅಂತೆ" ಬಂದ್ರೆ ಗಾಳಿಮಾತು ಅನ್ನಿಸುತ್ತೆ ಅಂತ ಒಬ್ರು ಅಂದ್ರು, ನಿಮಗೂ ಹಾಗೆ ಅನ್ನಿಸುತ್ತಾ?

ಕೊನೇದು ಸಣ್ಣದು. ತಿದ್ದಿದ ಟೇಬಲ್‌ನ ಈಪ್ರಾಮ್ ಅನ್ನೋ ಮೆಮೊರಿ ಚಿಪ್‌ಗೆ ಹಾಕೋದನ್ನ ಇಂಗ್ಲಿಷ್‌ನಲ್ಲಿ ಬರ್ನ್ ಅಂತಾರೆ, "ಚಿಪ್ ಸುಟ್ಟೆ" ಅಂತ ಬರೆದ್ರೆ ಚಿಪ್ಪೇ ಹೋಯ್ತು ಅಂತ ಓದೋರು ಗಾಬರಿ ಆಗ್ತಾರೆ. "ಬರೆದೆ" ಅನ್ನೋದೇ ಸಾಕು, ಮೇಲಾಗಿ ಕಾಯಿಸಿ ಎಳೆಯೋದಕ್ಕೂ ನಾವು ಬರೆ ಅನ್ನೋದ್ರಿಂದ ಸುಡೋ ಅರ್ಥದ ನೆರಳೂ ಉಳಿಯುತ್ತೆ. ಅಳಿಸೋದು ಅಲ್ಟ್ರಾವಯಲೆಟ್ ಬೆಳಕಲ್ಲಿ, ಚಿಪ್ ಮೇಲಿನ ಗಾಜಿನ ಕಿಟಕಿಗೆ ಸ್ಟಿಕ್ಕರ್ ಅಂಟಿಸೋದು ಆ ಬೆಳಕು ಒಳಗೆ ಹೋಗದೇ ಇರ್ಲಿ ಅಂತಾನೇ, ಇಲ್ಲಿ ಪದದ ತೊಂದರೆ ಏನೂ ಇಲ್ಲ.

ಟ್ರಿಮ್‌ಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ. "ತಿದ್ದುಪಡಿ" ಅಂದ್ರೆ ನಾವು ಟೇಬಲ್‌ನಲ್ಲಿ ಮಾಡೋ ತಿದ್ದುಪಡಿನಾ, ಕಂಪ್ಯೂಟರ್ ಓಡ್ತಾ ಓಡ್ತಾ ತಾನೇ ಮಾಡ್ಕೊಳ್ಳೋದಾ ಗೊತ್ತಾಗಲ್ಲ. ಸೇರಿಸೋದು ಕಳೆಯೋದು ಎರಡನ್ನೂ ಹೇಳೋ, ಕೆಲಸ ಕಂಪ್ಯೂಟರ್‌ದು ಅನ್ನೋದೂ ಬರೋ ಒಂದು ಚಿಕ್ಕ ಪದ ಬೇಕು. ನಿಮ್ಮ ಕಡೆ ಗ್ಯಾರೇಜಲ್ಲಿ, ಮನೇಲಿ, ಎಲ್ಲಾದ್ರೂ ಇಂಥದ್ದಕ್ಕೆ ಬಾಯಲ್ಲಿ ಬರೋ ಮಾತು ಇದ್ರೆ ದಯವಿಟ್ಟು ತಿಳಿಸಿ, ಯಾವ ವಾಕ್ಯದಲ್ಲಿ ಹೇಗೆ ಬಳಸ್ತಾರೆ ಅನ್ನೋದನ್ನೂ ಜೊತೆಗೆ ಬರೀರಿ.