ಅಪ್‌ಡೇಟ್: ಚಿಕ್ಕಮಗಳೂರಿನ ವಾರಾಂತ್ಯಗಳು ಈಗ ಖಾಲಿಯಿಲ್ಲ

ಕೆಲಸಕ್ಕೆಂದು ಚಿಕ್ಕಮಗಳೂರಿಗೆ ಬಂದು, ಶನಿವಾರ ಭಾನುವಾರಗಳನ್ನು ಕೋಣೆಯಲ್ಲಿ ಮೊಬೈಲ್ ನೋಡುತ್ತಲೇ ಕಳೆಯುತ್ತಿದ್ದೇನೆ, ಏನು ಮಾಡಲಿ ಎಂದು ಫೆಬ್ರುವರಿಯಲ್ಲಿ ಕೇಳಿದ್ದೆ. ಈಗ ಯುಗಾದಿಯೂ ಕಳೆಯಿತು. ಉತ್ತರಿಸಿದವರಿಗೆಲ್ಲ ಸುದ್ದಿ ತಿಳಿಸಲೇಬೇಕು.

ಮೊದಲು ಕೈಹಿಡಿದದ್ದು ವಾಲಿಬಾಲ್. ಮನೆ ಹತ್ತಿರದ ಮೈದಾನದಲ್ಲಿ ಆಡುವವರಿಗೆ ಒಬ್ಬರು ಕಡಿಮೆಯಿದ್ದರು. ಸಂಕೋಚ ಬಿಟ್ಟು ಕೇಳಿದೆ, ಸೇರಿಸಿಕೊಂಡರು. ಅಲ್ಲಿ ಸಿಕ್ಕ ಮೂವರ ಜೊತೆ ಸರ್ಪದಾರಿ ಎಂಬ ಕಾಲುದಾರಿಯಿಂದ ಮುಳ್ಳಯ್ಯನಗಿರಿ ಬೆಟ್ಟ ಹತ್ತಿದೆ. 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರ. ಎರಡು ದಿನ ಕಾಲು ನೋಯಿತು.

ಆದರೆ ನನ್ನನ್ನು ನಿಜವಾಗಿ ಬದಲಿಸಿದ್ದು ಕಾಫಿ ಹೂವು. ಗೆಳೆಯನೊಬ್ಬನ ಮನೆಯವರ ತೋಟಕ್ಕೆ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಚೆನ್ನಾಗಿ ಬಿದ್ದಿತ್ತು. ಮಳೆಯಾಗಿ ಎಂಟು ಹತ್ತು ದಿನಕ್ಕೆ ಮೊಗ್ಗುಗಳೆಲ್ಲ ಒಟ್ಟಿಗೆ ಅರಳುತ್ತವೆ ಎಂದು ಅವನು ಹೇಳಿದ್ದ, ನಾನು ನಂಬಿರಲಿಲ್ಲ. ಆ ಭಾನುವಾರ ಹೋದರೆ ಗಿಡಗಳ ರೆಂಬೆರೆಂಬೆಯೂ ಬಿಳಿ, ಮಲ್ಲಿಗೆಯಂಥ ಪರಿಮಳ, ಎಲ್ಲೆಲ್ಲೂ ಜೇನ್ನೊಣಗಳ ಝೇಂಕಾರ. ಕಾಫಿಯ ಎರಡು ಬಗೆಗಳಲ್ಲಿ ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅರೇಬಿಕಾಕ್ಕೆ ತನ್ನದೇ ಸಾಕು ಎಂಬುದನ್ನು ಅಲ್ಲೇ ನಿಂತು ಕಲಿತೆ. ಎರಡು ಮೂರು ದಿನಗಳಲ್ಲಿ ಹೂವು ಬಾಡುತ್ತದೆ, ಆದ್ದರಿಂದ ಸೋಮವಾರ ಕಚೇರಿಗೆ ಮುನ್ನ ಮತ್ತೆ ಓಡಿದೆ.

ಅಂದಿನಿಂದ ಚಿತ್ರ ಬಿಡಿಸಲು ಶುರುಮಾಡಿದ್ದೇನೆ. ಕೈ ಇನ್ನೂ ಪಳಗಿಲ್ಲ. ಬರುವ ವಾರ ಹಿರೇಕೊಳಲೆ ಕೆರೆಗೆ, ಬಣ್ಣದ ಪೆಟ್ಟಿಗೆಯೊಂದಿಗೆ.